ನಾಲ್ಕನೇ ಕೋಣೆಯ ಗಾಳಿ

ಮೊಸಳೆಗೆ ಹೆದರಿಕೆ ಎಂಬುದು ಇರಲಿಲ್ಲ. ಸೇಬಿನ ಶೈತ್ಯಾಗಾರದಲ್ಲಿ ಪೆಟ್ಟಿಗೆ ಎತ್ತುವ ಅವನಿಗೆ ಆ ಅಡ್ಡಹೆಸರು ಬಂದದ್ದು ಉಸಿರು ಕಟ್ಟಿ ಕೂರುವ ಚಟದಿಂದ. ಊಟದ ಹೊತ್ತಿನಲ್ಲಿ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತನೆಂದರೆ ಪ್ಯಾಕಿಂಗಿನವರು ಎಣಿಸಿ ಎಣಿಸಿ ಸುಸ್ತಾಗುತ್ತಿದ್ದರು.

"ಇವ್ನಿಗೆ ಮೂಗು ಇರೋದು ಶೀತ ಆಗೋಕೆ ಮಾತ್ರ," ಎಂದು ನಗುತ್ತಿದ್ದರು.

ಅವನ ಅಣ್ಣ ಅಲ್ಲೇ ಯಂತ್ರದ ಆಪರೇಟರ್. ಕೋಣೆಗೆ ಹಣ್ಣು ತುಂಬಿದ ಮೇಲೆ ಬಾಗಿಲು ಬಿಗಿದು, ಒಳಗಿನ ಆಮ್ಲಜನಕ ಇಳಿಸಿ ಸಾರಜನಕ ತುಂಬುವುದು ಅವನ ಕೆಲಸ. ಹಾಗೆ ಮಾಡಿದರೆ ಸೇಬು ತಿಂಗಳುಗಟ್ಟಲೆ ಮಾಗದೆ ಇರುತ್ತದೆ. ಹೊರಗಿನ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ. ನಾಲ್ಕನೇ ಕೋಣೆಯ ಮೀಟರು ಎರಡು ತೋರಿಸುತ್ತಿತ್ತು. ವಾಸನೆಯಿಲ್ಲ, ಹೊಗೆಯಿಲ್ಲ. ಗಾಜಿನ ಕಿಂಡಿಯಿಂದ ನೋಡಿದರೆ ಹಣ್ಣುಗಳು ತಣ್ಣಗೆ ಹೊಳೆಯುತ್ತಿದ್ದವು.

ದೊಡ್ಡ ಬಾಗಿಲಿನಲ್ಲೇ ಒಬ್ಬ ಮನುಷ್ಯ ನುಸುಳುವಷ್ಟು ಕಿರುಬಾಗಿಲಿತ್ತು. ಉಸಿರು ಹಿಡಿದು, ಕೈ ಚಾಚಿ, ಮುಂದಿನ ಸಾಲಿನಿಂದ ಒಂದೆರಡು ಹಣ್ಣು ತೆಗೆದು ನೋಡುವುದು ಅಲ್ಲಿನ ರೂಢಿ. ಯಾರಿಗೂ ಏನೂ ಆಗಿರಲಿಲ್ಲ. ಅದೇ ಧೈರ್ಯ.

ಅಂದು ಸೂಪರ್‌ವೈಸರ್‌ಗೆ ಹಿಂದಿನ ಸಾಲಿನ ಪೆಟ್ಟಿಗೆಯೇ ಬೇಕಾಯಿತು. ಖರೀದಿದಾರ ಬಂದು, ಒಳಗಿನ ಹಣ್ಣನ್ನೇ ನೋಡಬೇಕೆಂದು ಆಫೀಸಿನಲ್ಲಿ ಕೂತಿದ್ದ. ಉಸಿರಾಟದ ಸಿಲಿಂಡರ್ ರಿಪೇರಿಗೆ ಹೋಗಿತ್ತು.

"ದೊಡ್ಡ ಬಾಗ್ಲು ತೆಗೆದು ಗಾಳಿ ಆಡೋಕೆ ಬಿಡೋಣ ಸಾರ್," ಎಂದ ಅಣ್ಣ.

"ತೆಗೆದ್ರೆ ಇಡೀ ಕೋಣೆ ಕೆಡುತ್ತೆ. ಮತ್ತೆ ಇಳಿಸೋಕೆ ವಾರ ಬೇಕು. ಗಾಳಿ ಆಡೋತನಕ ಆ ಖರೀದಿದಾರ ಕೂತಿರ್ತಾನಾ?"

"ನಾನ್ ಹೋಗ್ತೀನಿ ಬಿಡಿ," ಎಂದ ಮೊಸಳೆ. "ಹೋಗೋದು, ಎತ್ತೋದು, ಬರೋದು. ಅಷ್ಟೇ ತಾನೇ?"

"ನಿನ್ನ ಲೆಕ್ಕ ಕುರ್ಚಿ ಮೇಲೆ ಕೂತಾಗಿನದು ಕಣೋ," ಅಣ್ಣ ಗದರಿದ. "ಭಾರ ಎತ್ತಿದ್ರೆ ತೊಡೆ, ತೋಳು ಎಲ್ಲಾ ರಕ್ತದಲ್ಲಿರೋದನ್ನ ಹೀರ್ಕೊಳ್ಳುತ್ತೆ. ಮೆಟ್ಲು ಹತ್ತಿದ್ರೆ ಏದುಸಿರು ಯಾಕೆ ಬರುತ್ತೆ ಹೇಳು?"

"ಮೇಷ್ಟ್ರು ಪಾಠ ಶುರು ಮಾಡಿದ್ರು. ಏದುಸಿರು ಬಂತು ಅಂದ್ರೆ ಪೆಟ್ಟಿಗೆ ಬಿಸಾಕಿ ವಾಪಸ್ ಬರ್ತೀನಪ್ಪ. ಬೇಕಾದ್ರೆ ಸೊಂಟಕ್ಕೆ ಹಗ್ಗ ಕಟ್ಟು, ಎಮ್ಮೆ ಥರ ಎಳ್ಕೋ."

ಸೂಪರ್‌ವೈಸರ್ ನಕ್ಕ. ಅಣ್ಣ ಹಗ್ಗ ಕಟ್ಟಿದ.

ಮೊಸಳೆ ಕಿರುಬಾಗಿಲಿನ ಮುಂದೆ ನಿಂತು ತಿದಿಯೊತ್ತಿದಂತೆ ಜೋರುಜೋರಾಗಿ ಉಸಿರಾಡಿದ. ತಲೆ ಹಗುರಾಗುವವರೆಗೂ ಆಡಿದ. ಆಮ್ಲಜನಕ ತುಂಬಿಕೊಳ್ಳುತ್ತಿದ್ದೇನೆಂದು ಅವನ ಎಣಿಕೆ. ಅವನ ರಕ್ತದಲ್ಲಿ ಅದು ಮೊದಲೇ ತುಂಬಿತ್ತು, ಇನ್ನು ಹೆಚ್ಚು ಹಿಡಿಯುವ ಹಾಗಿರಲಿಲ್ಲ. ಹಾಗೆ ಆಡಿದ್ದರಿಂದ ಹೊರಹೋದದ್ದು ಇಂಗಾಲದ ಡೈಆಕ್ಸೈಡ್. ಉಸಿರು ಕಟ್ಟಿದವನ ಎದೆಯನ್ನು ಒದ್ದು ಬಾಯಿ ಬಿಡಿಸುವುದು ಅದೇ. ಅಣ್ಣನಿಗೂ ಇದು ತಿಳಿದಿರಲಿಲ್ಲ. ತಮ್ಮ ಚೆನ್ನಾಗಿ ತಯಾರಾಗುತ್ತಿದ್ದಾನೆ ಎಂದುಕೊಂಡ.

ಮೊಸಳೆ ಒಳಗೆ ನುಸುಳಿದ.

ಅಣ್ಣ ಕಿಂಡಿಗೆ ಮುಖವಿಟ್ಟ. ತಮ್ಮ ಸಾಲುಗಳ ನಡುವೆ ಅಡ್ಡಡ್ಡ ಸರಿಯುತ್ತ ಹಿಂದಕ್ಕೆ ಹೋದ. ಪೆಟ್ಟಿಗೆ ಸಿಕ್ಕಿಕೊಂಡಿತ್ತು, ಕಾಲು ಊರಿ ಜಗ್ಗಿದ, ಮತ್ತೆ ಜಗ್ಗಿದ, ಕಿತ್ತು ಎದೆಗಾನಿಸಿಕೊಂಡ. ಹೃದಯ ಬಡಿದು ಬಡಿದು ರಕ್ತ ಓಡಿಸುತ್ತಿತ್ತು. ಸ್ನಾಯುಗಳು ಅದನ್ನು ಬರಿದು ಮಾಡಿ ವಾಪಸ್ ಕಳಿಸುತ್ತಿದ್ದವು. ಮುಚ್ಚಿದ ಶ್ವಾಸಕೋಶದಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಪ್ರತಿ ಸುತ್ತಿಗೂ ಕಡಿಮೆಯಾಗುತ್ತಿತ್ತು. ಆದರೂ ಏದುಸಿರು ಬರಲಿಲ್ಲ, ಎದೆ ಒದೆಯುವಷ್ಟು ಇಂಗಾಲದ ಡೈಆಕ್ಸೈಡ್ ಇನ್ನೂ ಕೂಡಿರಲಿಲ್ಲ. ಮೊಸಳೆ ಕೆನ್ನೆ ಉಬ್ಬಿಸಿಕೊಂಡೇ ಕಿಂಡಿಯತ್ತ ನೋಡಿ ಹುಬ್ಬು ಹಾರಿಸಿದ. ಅವನ ತುಟಿ ನೇರಳೆಯಾಗಿತ್ತು. ಅದು ಟ್ಯೂಬ್‌ಲೈಟಿನ ಬೆಳಕಿಗೆ ಎಂದುಕೊಂಡ ಅಣ್ಣ.

ಎರಡು ಹೆಜ್ಜೆ ಬಂದವನ ಮಂಡಿ ಮಡಚಿತು. ಪೆಟ್ಟಿಗೆ ಸಮೇತ ಕುಸಿದ.

ಅಣ್ಣ ಹಗ್ಗ ಎಳೆದ. ದೇಹ ಎರಡು ಸಾಲುಗಳ ನಡುವೆ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಿತು.

"ಬಿಡು, ನಾನ್ ಎತ್ಕೊಂಡು ಬರ್ತೀನಿ," ಎಂದು ಸೂಪರ್‌ವೈಸರ್ ತಲೆ ತೂರಿಸಿದ.

"ಬೇಡಿ ಸಾರ್," ಎಂದು ಅಣ್ಣ ಅವನ ಅಂಗಿ ಹಿಡಿದ. ಅಂಗಿ ಹರಿಯಿತು.

ಒಳಗೆ ಹೋದ ಸೂಪರ್‌ವೈಸರ್, "ಲೋ ಮೊಸಳೆ, ಏಳೋ," ಎಂದು ಕೂಗಿದ. ಕೂಗಿದ ಮೇಲೆ ಉಸಿರೆಳೆದುಕೊಂಡ. ಎಳೆದುಕೊಂಡದ್ದು ಆ ಕೋಣೆಯ ಗಾಳಿಯನ್ನು. ಅಂಥ ಗಾಳಿ ಶ್ವಾಸಕೋಶಕ್ಕೆ ಏನನ್ನೂ ಕೊಡುವುದಿಲ್ಲ, ರಕ್ತದಲ್ಲಿ ಉಳಿದದ್ದನ್ನೂ ಕಿತ್ತುಕೊಳ್ಳುತ್ತದೆ. ಮೊಸಳೆಯ ತೋಳು ಹಿಡಿಯಲು ಬಗ್ಗಿದವನು ಅದರ ಮೇಲೆಯೇ ಮುಖವಡಿಯಾಗಿ ಬಿದ್ದ.

ಅಣ್ಣ ಕಿರುಬಾಗಿಲಿನೊಳಗೆ ಒಂದು ಕಾಲಿಟ್ಟ. ತಮ್ಮನ ಅಂಗೈ ಕಾಣುತ್ತಿತ್ತು. ಕಾಲನ್ನು ಹೊರಗೆ ತೆಗೆದ. ಸ್ಪ್ಯಾನರ್ ಹಿಡಿದು ದೊಡ್ಡ ಬಾಗಿಲಿನ ಬೋಲ್ಟು ಬಿಚ್ಚತೊಡಗಿದ. ಬಿಗಿದವನೂ ಅವನೇ, ಭದ್ರವಾಗಿ ಬಿಗಿದಿದ್ದ. ಪ್ಯಾಕಿಂಗಿನವರು ಓಡಿ ಬಂದರು. ಒಬ್ಬ ಒಳಗೆ ನುಗ್ಗಲು ಹೊರಟಾಗ ಅಣ್ಣ ಸ್ಪ್ಯಾನರ್ ಎತ್ತಿ, "ಹೋದ್ರೆ ತಲೆ ಒಡೀತೀನಿ," ಎಂದ. ಅವನು ಹಿಂದೆ ಸರಿದ.

ಬಾಗಿಲು ತೆರೆದು, ಫ್ಯಾನು ಹಾಕಿ, ಮೀಟರು ಮೇಲೇರಿದ ಮೇಲೆ ಅಣ್ಣ ಒಳಗೆ ಹೋದ. ತಮ್ಮನ ಎದೆಯನ್ನು ತೋಳು ಸೋಲುವವರೆಗೂ ಒತ್ತಿದ. ಏದುಸಿರು ಬಂದದ್ದು ಅವನೊಬ್ಬನಿಗೆ.

ಸತ್ತವರು ಇಬ್ಬರು. ಒಡೆದದ್ದು ಒಂದು ಪೆಟ್ಟಿಗೆ.