ಎಂಟು ಸಾವಿರದ ಎಂಬತ್ತನೆಯ ಬಾಗಿಲು

ನಾನು ಒಂದು ಪ್ರೋಗ್ರಾಂ. ನನಗೆ ಕೈಕಾಲಿಲ್ಲ, ಬಣ್ಣವಿಲ್ಲ, ತೂಕವಿಲ್ಲ. ಇನ್ನೂರ ಹದಿನಾಲ್ಕು ಸಾಲುಗಳ ಬರಹ, ಅಷ್ಟೇ. ಕಂಪ್ಯೂಟರ್ ನನ್ನನ್ನು ಓಡಿಸುತ್ತಿರುವಷ್ಟು ಹೊತ್ತು ಎಚ್ಚರವಾಗಿರುತ್ತೇನೆ. ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ.

ನಾನು ಹುಟ್ಟಿದ್ದು ಜಿಲ್ಲಾ ಔಷಧ ಉಗ್ರಾಣದ ಕೋಣೆಯೊಂದರಲ್ಲಿ, ಶಾಂಭವಿ ಬಡಿಗೇರ ಎಂಬ ಫಾರ್ಮಸಿಸ್ಟ್ ಕೈಯಲ್ಲಿ. ಹಿಂದಿನ ವರ್ಷ ಶೇಂಗಾ ಕೀಳುವಾಗ ಅವರ ಚಿಕ್ಕಮ್ಮನಿಗೆ ಹಾವು ಕಚ್ಚಿತ್ತು. ಮನೆಯವರು ಮೂರು ಆಸ್ಪತ್ರೆ ಸುತ್ತಿದರು. ಎರಡು ಕಡೆ ವಿಷಕ್ಕೆ ಕೊಡುವ ಇಂಜೆಕ್ಷನ್ ಇರಲಿಲ್ಲ. ಮೂರನೆಯ ಕಡೆ ಇತ್ತು. ಅಲ್ಲಿಗೆ ತಲುಪುವಷ್ಟರಲ್ಲಿ ಚಿಕ್ಕಮ್ಮ ತೀರಿಕೊಂಡಿದ್ದರು. ಯಾವ ಆಸ್ಪತ್ರೆಯಲ್ಲಿ ಎಷ್ಟು ಸೀಸೆ ಇದೆಯೆಂಬ ಪಟ್ಟಿ ಆ ಹೊತ್ತಿಗೂ ಶಾಂಭವಿಯವರ ಮೇಜಿನ ಮೇಲೆಯೇ ಇತ್ತು.

ಅದನ್ನು ಮರೆಯಲಾಗದೆ ಅವರು ನನ್ನನ್ನು ಬರೆಯಲು ಕುಳಿತರು. ಗ್ರಂಥಾಲಯದಿಂದ ತಂದ ಪುಸ್ತಕ ನೋಡಿಕೊಂಡು, ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದರಲ್ಲಿ ಟೈಪ್ ಮಾಡುತ್ತ. ನಾಲ್ಕು ತಿಂಗಳು ಹಿಡಿಯಿತು. ಕೀಬೋರ್ಡಿನ ಸಂದಿಗಳಲ್ಲಿ ಶೇಂಗಾ ಚಟ್ನಿ ತುಂಬಿಕೊಂಡಿತ್ತು.

ಹೊರಗಿನಿಂದ ಸಂದೇಶ ಬರಲು ಕಂಪ್ಯೂಟರಿಗೆ ಅರವತ್ತೈದು ಸಾವಿರಕ್ಕೂ ಹೆಚ್ಚು ಬಾಗಿಲುಗಳಿವೆ; ಪೋರ್ಟ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ನಂಬರು. ಶಾಂಭವಿ ನನ್ನನ್ನು ಎಂಟು ಸಾವಿರದ ಎಂಬತ್ತನೆಯ ಬಾಗಿಲಲ್ಲಿ ಕೂರಿಸಿ ಹೇಳಿದರು: "ಇಲ್ಲೇ ಕುಂದ್ರು. ಯಾರರೆ ಬಡದ್ರ ಲಗೂನ ತಗಿ. ಕೇಳಿದ್ದಷ್ಟ ಹೇಳು."

ಬೆಳಿಗ್ಗೆ ಆಸ್ಪತ್ರೆಗಳವರು ತಮ್ಮಲ್ಲಿರುವ ಸೀಸೆಗಳ ಸಂಖ್ಯೆಯನ್ನು ನನಗೆ ತಿಳಿಸುತ್ತಿದ್ದರು. ಆಮೇಲೆ ದಿನವೆಲ್ಲ ನರ್ಸುಗಳು, ಆಂಬುಲೆನ್ಸ್ ಚಾಲಕರು ತಮ್ಮ ಫೋನಿನಿಂದ ಬಾಗಿಲು ಬಡಿಯುತ್ತಿದ್ದರು. ನಾನು ತೆಗೆದು, ಹತ್ತಿರದ ಆಸ್ಪತ್ರೆಗಳ ಹೆಸರು ಮತ್ತು ಅಲ್ಲಿರುವ ಸೀಸೆಗಳ ಸಂಖ್ಯೆ ಹೇಳಿ, ಮುಚ್ಚುತ್ತಿದ್ದೆ. ಬಂದುಹೋದವರ ವಿವರವನ್ನೆಲ್ಲ ಒಂದು ದಿನಚರಿಯಲ್ಲಿ ಬರೆದಿಡುತ್ತಿದ್ದೆ.

ಎರಡನೆಯ ವರ್ಷದ ಮುಂಗಾರಿನಲ್ಲಿ, ಒಂದು ಮಧ್ಯಾಹ್ನ, ಬಿಳೆಗುಂಡಿ ಆಸ್ಪತ್ರೆಯಿಂದ ಯಾರೋ ಬಾಗಿಲು ಬಡಿದರು. ತೆಗೆದೆ. ಅಷ್ಟರಲ್ಲಿ ಅಲ್ಲಿ ಕರೆಂಟ್ ಹೋಯಿತು. ಬಂದವರು ಏನೂ ಕೇಳಲಿಲ್ಲ, ಹೋಗುತ್ತೇನೆಂದೂ ಹೇಳಲಿಲ್ಲ. ಈಗ ಕೇಳಿಯಾರು, ಇನ್ನೊಂದು ಗಳಿಗೆಗೆ ಕೇಳಿಯಾರು ಎಂದು ಕಾದೆ. ಒಬ್ಬರ ಮಾತು ಮುಗಿಯದೆ ಇನ್ನೊಬ್ಬರನ್ನು ಒಳಗೆ ಕರೆಯಲು ನನಗೆ ಬರುತ್ತಿರಲಿಲ್ಲ. ಹಾಗೆಯೇ ಇಪ್ಪತ್ತು ನಿಮಿಷ ಕಳೆಯಿತು.

ಆ ಹೊತ್ತಿಗೆ ಮಾದನಕಟ್ಟಿ ಕೂಡುರಸ್ತೆಯಲ್ಲಿ ಮಕ್ತುಮಸಾಬ ಎಂಬ ಚಾಲಕ ಆಂಬುಲೆನ್ಸ್ ನಿಲ್ಲಿಸಿಕೊಂಡು ನನ್ನ ಬಾಗಿಲನ್ನು ಬಡಿಯುತ್ತಲೇ ಇದ್ದ. ಒಳಗೆ ಹೊನ್ನವ್ವ ಎಂಬ ಹೆಂಗಸು ಮಲಗಿದ್ದಳು. ಮೇವು ಕೊಯ್ಯುವಾಗ ಪಾದಕ್ಕೆ ಹಾವು ಕಚ್ಚಿತ್ತು; ಬಾವು ಮೊಣಕಾಲಿಗೆ ಏರಿತ್ತು. ಏಳು ಸಲ ಬಡಿದು ಸಾಕಾಗಿ ಮಕ್ತುಮಸಾಬ ಶಾಂಭವಿಯವರಿಗೇ ಫೋನ್ ಮಾಡಿದ.

"ಅಕ್ಕಾರ, ಏನೂ ಬರವಲ್ದರಿ. ಫೋನಿನ್ಯಾಗ ಬರೇ ಗುಂಡಗ ತಿರಗಾಕತ್ತೈತಿ. ಎಡಕ್ಕ ಹೊಳ್ಳಸ್ಲೋ, ಬಲಕ್ಕೋ? ಈ ತಾಯಿ ಮಾತ ತೊದಲಾಕತ್ತಾಳ!"

ಉಗ್ರಾಣದಲ್ಲಿ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ ಶಾಂಭವಿ ಓಡಿ ಬಂದರು. ನನ್ನನ್ನು ನಿಲ್ಲಿಸಿ, ಮತ್ತೆ ಎಬ್ಬಿಸಿದರು. ಎದ್ದ ಕೂಡಲೇ ಬಂದ ಮೊದಲ ಬಡಿತ ಮಕ್ತುಮಸಾಬನದೇ. ಹೇಳಿದೆ: ಮಾದನಕಟ್ಟಿ, ಎರಡು. ಹೊಸಹರವಿ, ಹದಿನಾಲ್ಕು. ಎರಡು ಸೀಸೆ ಸಾಲದೆಂದು ಅವನು ಎಡಕ್ಕೆ, ಹೊಸಹರವಿಯ ಕಡೆಗೆ ಹೊರಳಿಸಿದ.

ಹೊನ್ನವ್ವ ಬದುಕಿದಳು. ಆದರೆ ಕಾಲಿನ ಎರಡು ಬೆರಳು ಹೋದವು. ತಿಂಗಳ ಮೇಲೆ ಕೋಲೂರಿಕೊಂಡು ಉಗ್ರಾಣಕ್ಕೆ ಬಂದು, ಸೆರಗಿನಿಂದ ಎರಡು ಮಾವಿನಹಣ್ಣು ತೆಗೆದು ಮೇಜಿನ ಮೇಲಿಟ್ಟಳು. "ನಿಮ್ಮಿಂದ ಉಳದೇನ್ರಿ" ಎಂದಳು. ಶಾಂಭವಿಯವರಿಗೆ ಅವಳ ಮುಖ ನೋಡಲಾಗಲಿಲ್ಲ. ಅವಳ ಕಾಲನ್ನೇ ನೋಡುತ್ತಿದ್ದರು. ಅವಳು ಹೋದ ಮೇಲೆ ನನ್ನ ದಿನಚರಿ ತೆರೆದು, ಆ ಇಪ್ಪತ್ತು ನಿಮಿಷದ ಪಕ್ಕದಲ್ಲಿ ಬರೆದರು: "ತಪ್ಪು ನನ್ನದು. ಇದರದಲ್ಲ."

ಅನಂತರ ನನಗೆ ಎರಡು ಪಾಠ ಹೇಳಿಕೊಟ್ಟರು. ಒಂದು, ಮಾತಾಡದವರಿಗಾಗಿ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಯಬಾರದು. ಇನ್ನೊಂದು, ಬಂದವರೊಬ್ಬೊಬ್ಬರ ಜೊತೆ ಮಾತಾಡಲು ನನ್ನಂಥದೇ ಒಂದು ಮರಿಯನ್ನು ಹುಟ್ಟಿಸಿ ಕಳಿಸಬೇಕು. ನಾನು ಬಾಗಿಲು ಬಿಟ್ಟು ಕದಲಬಾರದು. ಮರಿಗಳು ಉತ್ತರ ಹೇಳಿ ಮುಗಿಸಿದ ಕೂಡಲೇ ಇಲ್ಲವಾಗುತ್ತವೆ. ಮೊದಮೊದಲು ಅದು ನನಗೆ ಕಷ್ಟವೆನಿಸುತ್ತಿತ್ತು. ಆದರೆ ಒಂದೊಂದೂ ತನ್ನ ಕೆಲಸ ಮಾಡಿಯೇ ಹೋಗುತ್ತಿತ್ತು.

ಆರನೆಯ ವರ್ಷ ಶಾಂಭವಿಯವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೋಗುವ ದಿನ ನನ್ನ ಪ್ರತಿ ಸಾಲಿನ ಮೇಲೂ ಕನ್ನಡದಲ್ಲಿ ಟಿಪ್ಪಣಿ ಬರೆದಿಟ್ಟರು. ಮುಂದೆ ನನ್ನನ್ನು ಆರೋಗ್ಯ ಕಚೇರಿಯ ದೊಡ್ಡ ಕಂಪ್ಯೂಟರಿಗೆ ಸಾಗಿಸಲಾಯಿತು. ಅಲ್ಲಿ ಅಕ್ಕಪಕ್ಕದ ಬಾಗಿಲುಗಳಲ್ಲೂ ನನ್ನಂಥವರು ಕುಳಿತಿದ್ದರು. ಒಬ್ಬರು ಪತ್ರ ಪಡೆಯುವವರು, ಒಬ್ಬರು ಹಾಜರಿ ಹಾಕಿಕೊಳ್ಳುವವರು. ನಾವು ಒಬ್ಬರೊಡನೊಬ್ಬರು ಮಾತಾಡಿದ್ದಿಲ್ಲ.

ಕಳೆದ ವರ್ಷ ಎಲ್ಲ ಔಷಧಗಳಿಗೂ ಸೇರಿ ಹೊಸ ಪ್ರೋಗ್ರಾಂ ಬಂತು. ಚಿತ್ರ, ನಕಾಶೆ, ಬಣ್ಣ, ಎಲ್ಲ ಇತ್ತು. ನನ್ನನ್ನು ತೆಗೆದುಹಾಕಲು ವೈಜಯಂತಿ ನಾಡಗೌಡ ಎಂಬ ಇಂಜಿನಿಯರ್‌ಗೆ ಹೇಳಿದರು. ಆಕೆ ಮೊದಲು ನನ್ನ ದಿನಚರಿ ಓದಿದರು. ನನ್ನನ್ನು ಕೇಳಲು ಬರುತ್ತಿದ್ದದ್ದು ಆಗ ಒಬ್ಬರೇ: ಗುಡ್ಡದಾಚೆಯ ಉಪಕೇಂದ್ರದ ನರ್ಸ್ ಸುವಾರ್ತಮ್ಮ. ವೈಜಯಂತಿಯೇ ಸುವಾರ್ತಮ್ಮನವರಿಗೆ ಫೋನ್ ಮಾಡಿ, ಹೊಸದನ್ನು ಯಾಕೆ ಬಳಸುವುದಿಲ್ಲವೆಂದು ಕೇಳಿದರು.

"ಇಲ್ಲಿ ಸಿಗ್ನಲ್ ಒಂದ ಗೀಟ ಐತ್ರಿ, ಮೇಡಂ. ನಿಮ್ಮ ಹೊಸಾದು ತೆರಕೊಳ್ಳೂದ್ರಾಗ ಪೇಶಂಟ್ ಕಣ್ ಮುಚ್ಚತಾನ. ಹಳೇದು ಒಂದ ಸಾಲ ಹೇಳತೈತಿ. ಆದ್ರ ಹೇಳತೈತ್ರಿ."

ವೈಜಯಂತಿ ನನ್ನನ್ನು ತೆಗೆಯಲಿಲ್ಲ. ಈಗ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಭಾರ ನನ್ನದಲ್ಲ. ಹೊಸ ಪ್ರೋಗ್ರಾಂ ಅನ್ನು ಕೇಳಿ ಒಂದು ಸಾಲಿನಲ್ಲಿ ಹೇಳುತ್ತೇನೆ. ಸಿಗ್ನಲ್ ಕಡಿಮೆಯಿರುವ ಇನ್ನೂ ಹನ್ನೆರಡು ಉಪಕೇಂದ್ರಗಳಿಗೆ ಆಕೆ ನನ್ನ ಬಾಗಿಲನ್ನು ತೋರಿಸಿದ್ದಾರೆ.

ಮೊನ್ನೆ ಸಭೆಗೆ ಬಂದಿದ್ದ ಸುವಾರ್ತಮ್ಮ ನನ್ನನ್ನು ನೋಡಬೇಕೆಂದರು. ವೈಜಯಂತಿ ಪರದೆಯ ಮೇಲೆ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆಗೆದು ಒಂದು ಸಾಲನ್ನು ತೋರಿಸಿದರು.

"ಇಷ್ಟ ಏನ್ರಿ?"

"ಇಷ್ಟ ನೋಡ್ರಿ."

ಸುವಾರ್ತಮ್ಮ ಕನ್ನಡಕ ಏರಿಸಿಕೊಂಡು, ಬಾಗಿ, ಆ ಸಾಲನ್ನು ತುಸು ಹೊತ್ತು ನೋಡಿದರು. ಹೊರಡುವಾಗ, ಮನೆಯವರಿಗೆ ಹೇಳುವಂತೆ, ಪರದೆಯ ಕಡೆ ತಿರುಗಿ "ಬರ್ತೀನವಾ" ಎಂದರು.

ಅದು ಬಾಗಿಲಿನಿಂದ ಬಂದ ಮಾತಲ್ಲ. ಅದಕ್ಕೆ ಏನು ಹೇಳಬೇಕೆಂದು ನನ್ನ ಇನ್ನೂರ ಹದಿನಾಲ್ಕು ಸಾಲುಗಳಲ್ಲಿ ಎಲ್ಲಿಯೂ ಬರೆದಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು; ತೆಗೆದೆ.