ಹಸಿರು ಚೀಟಿಯ ಇಲಿಗಳು

ಪಂಜರ ತೊಳೆಯುವ ಔಷಧಿಗೆ ಜಬೀನಳ ಬೆರಳ ಸಂದಿಗಳು ಒಡೆದಿದ್ದವು. ಕೈಗವಸು ಕೇಳಿದರೆ ಮುಂದಿನ ತಿಂಗಳು ಅನ್ನುತ್ತಿದ್ದರು. ಮಾನ್ವಿ ಕಡೆಯ ತನ್ನೂರಿಂದ ದಿನಾ ಬಸ್ಸು ಹತ್ತಿ ಅವಳು ರಾಯಚೂರಿನ ಈ ಖಾಸಗಿ ಪ್ರಯೋಗಾಲಯಕ್ಕೆ ಬರುತ್ತಿದ್ದಳು. ಇಲಿಗಳಿಗೆ ನೀರು, ಕಾಳು ಹಾಕುವುದು ಅವಳ ಕೆಲಸ. ಕೆಂಪು ಚೀಟಿಯ ಇಲಿಗಳಿಗೆ ವಿಷದ ಲೋಹ ಬೆರೆಸಿದ ನೀರು. ಹಸಿರು ಚೀಟಿಯವಕ್ಕೆ ಶುದ್ಧ ನೀರು. ಕೊನೆಗೆ ಎರಡರ ಕಿಡ್ನಿಯನ್ನೂ ಕೊಯ್ದು ಹೋಲಿಸಿ ನೋಡುತ್ತಾರೆ.

ಕೊಯ್ದು ನೋಡಿ ಆಗಿತ್ತು. ಅಧಿಕಾರಿ ಹನುಮಂತರಾಯರು ಅವಳನ್ನು ಒಳಗೆ ಕರೆಸಿ ಬಾಗಿಲು ಮುಚ್ಚಿಸಿದರು.

"ಹಸಿರು ಇಲಿಗಳ ಕಿಡ್ನೀನೂ ಕೆಟ್ಟಾವ. ಕೆಂಪು ಬಾಟ್ಲಿ ನೀರು ಹಾಕಿಯೇನು?"

"ಇಲ್ರೀ ಸಾಹೇಬ್ರ. ಅಲ್ಲಾನ ಆಣಿ."

"ಮತ್ತೇನು ಕುಡಿಸಿದಿ, ಬೆಲ್ಲದ ಪಾನಕಾನ?"

ಇಲಿಗಳಿಗೆ ನೀರು ಶುದ್ಧ ಮಾಡುವ ಫಿಲ್ಟರ್ ಕೆಟ್ಟು ಮೂರು ತಿಂಗಳಾಗಿತ್ತು. ನಾಲ್ಕು ಸಲ ಹೇಳಿದ್ದಳು. 'ಯಾವ್ದರ ನೀರು ಹಾಕು, ಇಲಿ ಏನು ಕೇಳ್ತಾವ?' ಎಂದು ನಕ್ಕವರು ಇವರೇ. ಇಲ್ಲಿಯ ತೊಟ್ಟಿಯ ನೀರು ನಾರುತ್ತಿತ್ತು. ಅದನ್ನು ಮೂಕ ಜೀವಗಳಿಗೆ ಹಾಕಲು ಅವಳಿಗೆ ಮನಸ್ಸಾಗಿರಲಿಲ್ಲ.

"ಮನಿಯಿಂದ ತರ್ತಿದ್ದೆ ರೀ. ನಮ್ಮೂರ ಬೋರಿನ ನೀರು. ನಾವೂ ಅದನ್ನ ಕುಡೀತೀವ್ರಿ. ಭಾಳ ಸಿಹಿ ಅದ."

ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಅನುರಾಧಾ ತಲೆ ಎತ್ತಿದಳು. "ಸರ್, ಹಂಗಾದ್ರ ಆ ಊರ ನೀರಿನ್ಯಾಗ..."

"ನೀ ಸುಮ್ನಿರು." ಹನುಮಂತರಾಯರು ಜಬೀನಳ ಮುಂದೆ ಒಂದು ಹಾಳೆ ತಳ್ಳಿದರು. "ಬಾಟ್ಲಿ ಅದಲು ಬದಲು ಮಾಡಿದ್ದು ನಿನ್ನ ತಪ್ಪು ಅಂತ ಬರದೀನಿ. ಸಹಿ ಮಾಡು. ಬೋರು, ಫಿಲ್ಟರ್ ಅಂತ ಹೊರಗ ಬಾಯಿ ಬಿಟ್ಟಿ ಅಂದ್ರ, ನಾಳಿಂದ ಕೆಲಸ ಇಲ್ಲ."

ಜಬೀನಳ ಕಣ್ಣ ಮುಂದೆ ಏಳು ವರ್ಷದ ಮಗಳು ಗುಲ್ಫಶಾಳ ಮುಖ ಬಂತು. ಬೆಳಗಾದರೆ ಊದಿಕೊಂಡಿರುತ್ತಿತ್ತು. ನಿದ್ದೆ ಹೆಚ್ಚಾಯಿತೆಂದು ಗದರಿಸುತ್ತಿದ್ದಳು. ಈಗೀಗ ಪಾದವೂ ಊದುತ್ತಿತ್ತು, ಚಪ್ಪಲಿ ಹಿಡಿಸುತ್ತಿರಲಿಲ್ಲ.

"ಅಕ್ಕಾರ, ಕಿಡ್ನಿ ಕೆಟ್ರ ಮಾರಿ ಊದತದೇನ್ರೀ?"

ಅನುರಾಧಾ ಹೌದೆಂದು ತಲೆಯಾಡಿಸಿದಳು.

ಜಬೀನ್ ಅಲ್ಲೇ ಫೋನು ತೆಗೆದಳು. ಮಗಳನ್ನು ನೋಡಿಕೊಳ್ಳುವ ಪಕ್ಕದ ಮನೆಯ ಬಸವಂತಮ್ಮ ಎತ್ತಿದಳು.

"ಯವ್ವಾ, ಗುಲ್ಫಶಾಗ ಬೋರಿನ ನೀರು ಕುಡಿಸಬ್ಯಾಡ. ನೀನೂ ಕುಡೀಬ್ಯಾಡ."

"ಹುಚ್ಚು ಹಿಡೀತೇನವ್ವಾ ನಿನಗ? ಊರಿಗೆಲ್ಲಾ ಇರೋದು ಅದೊಂದ ಬೋರು!"

"ಫೋನ್ ಇಡು," ಹನುಮಂತರಾಯರು ಮೇಜು ಗುದ್ದಿದರು. "ಸಹಿ ಮಾಡ್ತಿಯೋ, ಮನಿಗೆ ಹೋಗ್ತಿಯೋ?"

ಅವಳು ಕರೆ ಕಡಿಯದೆ ಫೋನನ್ನು ಮೇಜಿನ ಮೇಲಿಟ್ಟಳು. ಪೆನ್ನು ಹಿಡಿದಳು. ಅವರು ಬರೆದಿದ್ದ ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ಕೆಳಗೆ ಸೊಟ್ಟ ಅಕ್ಷರಗಳಲ್ಲಿ ತನ್ನೂರಿನ ಹೆಸರು ಬರೆದು, 'ಇಲಿ ಕುಡಿದಿದ್ದು ಈ ಊರ ನೀರು' ಎಂದು ಸೇರಿಸಿದಳು. ಸಹಿ ಮಾಡಿದಳು. ಹಾಳೆಯನ್ನು ಹನುಮಂತರಾಯರಿಗೆ ಕೊಡದೆ ಅನುರಾಧಾಳ ಕೈಗಿಟ್ಟಳು.

ಫೋನಿನೊಳಗೆ ಬಸವಂತಮ್ಮ ಇನ್ನೂ ಕೂಗುತ್ತಿದ್ದಳು:

"ಹಲೋ, ಜಬೀನಾ... ಹುಡುಗಿ ನೀರು ಕೇಳಾಕತ್ತಾಳ. ಏನು ಕೊಡ್ಲವ್ವಾ?"