‘ಇತರೆ’ ಕಲಮಿನ ದನಗಳು

ದೇಶದಲ್ಲಿ ಎಷ್ಟು ದನಕ್ಕೆ ಯಾವ ಕಾಯಿಲೆ ಎಂದು ಹೇಳಬೇಕಾದವಳು ಅವಳು. ಜಾನುವಾರು ಆರೋಗ್ಯ ಇಲಾಖೆಯ ಕೇಂದ್ರ ಕಚೇರಿಯ ಮೂರನೇ ಮಹಡಿಯಲ್ಲಿ, ಅವಳ ಮೇಜಿನ ಮೇಲಿದ್ದ ಫಲಕ ಹಾಗೆಂದು ಸಾರುತ್ತಿತ್ತು. ಒಂಬತ್ತು ವರ್ಷ ಆ ಫಲಕದ ಹಿಂದೆ ಕೂತಿದ್ದರೂ ಕಾಯಿಲೆ ಬಿದ್ದ ಒಂದೇ ಒಂದು ದನವನ್ನು ಅವಳು ಹತ್ತಿರದಿಂದ ಕಂಡಿರಲಿಲ್ಲ. ಅದರ ಅಗತ್ಯವೂ ಬಿದ್ದಿರಲಿಲ್ಲ. ಮೂವತ್ತೊಂದು ಜಿಲ್ಲೆಗಳಿಂದ ತಿಂಗಳಿಗೊಮ್ಮೆ ವರದಿ ಬರುತ್ತಿತ್ತು. ಅದನ್ನು ಕೂಡಿ, ತಾಳೆ ನೋಡಿ, ಮೇಲಕ್ಕೆ ಕಳಿಸಿದರೆ ಮುಗಿಯಿತು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು.

ಕೂಡುವುದೇನೂ ಕಷ್ಟವಿರಲಿಲ್ಲ. ಕಾಲುಬಾಯಿ ರೋಗದ ಕಲಮಿನಲ್ಲಿ ಇಪ್ಪತ್ತೆರಡು ತಿಂಗಳಿಂದ ಮೂವತ್ತೊಂದು ಜಿಲ್ಲೆಯವರೂ ಸೊನ್ನೆ ಹಾಕುತ್ತಿದ್ದರು. ಮೂವತ್ತೊಂದು ಸೊನ್ನೆ ಕೂಡಿದರೆ ಎಷ್ಟು ಎಂದು ತಿಳಿಯಲು ಕಂಪ್ಯೂಟರ್ ಬೇಕಿಲ್ಲ; ಆದರೂ ಇಲಾಖೆ ಹೊಸ ತಂತ್ರಾಂಶವೊಂದನ್ನು ತರಿಸಿತ್ತು. ಅದರ ಸ್ವಭಾವ ಬಲು ಸರಳ. ಸೊನ್ನೆ ಒತ್ತಿದರೆ ಹಸಿರು ಗುರುತು ಮೂಡಿ ‘ಧನ್ಯವಾದಗಳು’ ಎನ್ನುತ್ತಿತ್ತು. ಒಂದು ಒತ್ತಿದರೆ ಪರದೆ ಕೆಂಪಗಾಗಿ ಇನ್ನೂ ಹದಿನೇಳು ಕಲಮುಗಳು ಬಾಯಿ ತೆರೆದು ನಿಲ್ಲುತ್ತಿದ್ದವು. ದನದ ವಯಸ್ಸು, ಲಸಿಕೆ ಹಾಕಿದ ದಿನ, ಕೊಟ್ಟಿಗೆಯ ಅಕ್ಷಾಂಶ ರೇಖಾಂಶ. ಅದನ್ನೆಲ್ಲ ತುಂಬುವಷ್ಟರಲ್ಲಿ ಮೂವರು ಮೇಲಧಿಕಾರಿಗಳ ಫೋನು. ಅದರ ಬೆನ್ನಿಗೇ ವಿವರಣೆ ಕೇಳುವ ಪತ್ರ. ಇಂಥ ಏರ್ಪಾಡಿನಲ್ಲಿ ದೇಶದ ದನಗಳೆಲ್ಲ ಗುಂಡುಕಲ್ಲಿನ ಹಾಗೆ ಇದ್ದುದರಲ್ಲಿ ಆಶ್ಚರ್ಯವೇನು? ಜಿಲ್ಲೆಯ ಪಶು ಅಧಿಕಾರಿಯೊಬ್ಬರು ದೀರ್ಘ ರಜೆಯ ಮೇಲೆ ಹೋಗುವ ಮುಂಚೆ ಮುಂದಿನ ಮೂರು ತಿಂಗಳ ವರದಿಯನ್ನೂ ಕಳಿಸಿಯೇ ಹೋಗಿದ್ದರು. ಕರ್ತವ್ಯನಿಷ್ಠೆ ಎಂದರೆ ಇದಪ್ಪಾ ಎಂದು ನಿರ್ದೇಶಕರು ತುಂಬಿದ ಸಭೆಯಲ್ಲಿ ಹೊಗಳಿದ್ದರು.

ನಿರ್ದೇಶಕರಿಗೆ ಸೊನ್ನೆ ಎಂದರೆ ಪ್ರಾಣ. ಬೆನ್ನ ಹಿಂದೆ ಅವರನ್ನು ಸೊನ್ನೆ ಸಾಹೇಬರು ಎನ್ನುತ್ತಿದ್ದರು. ಅವರ ಕೋಣೆಯ ಗೋಡೆ ತುಂಬ ಒಂದು ಭೂಪಟ. ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಕೋರೈಸುವ ಹಸಿರು. ಇನ್ನೆರಡು ತಿಂಗಳು ಹೀಗೇ ಕಳೆದರೆ ಅಂತರರಾಷ್ಟ್ರೀಯ ಸಂಸ್ಥೆಯಿಂದ ‘ರೋಗಮುಕ್ತ ದೇಶ’ ಎಂಬ ಪ್ರಮಾಣಪತ್ರ. ಅದಕ್ಕಾಗಿ ಹೊರದೇಶದ ಪರಿಶೀಲಕರ ತಂಡ ಬರುವುದೂ ಗೊತ್ತಾಗಿತ್ತು. ಪ್ರಮಾಣಪತ್ರಕ್ಕೆ ಚೌಕಟ್ಟನ್ನು ಆಗಲೇ ಮಾಡಿಸಿ ಇಟ್ಟಾಗಿತ್ತು.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ, ಇನ್ನೂ ಬ್ಯಾಗನ್ನು ಮೇಜಿನ ಮೇಲೆ ಇಟ್ಟಿರಲಿಲ್ಲ, ಅಕ್ಕನ ಫೋನು ಬಂತು. ಅಕ್ಕ ಮತ್ತು ಭಾವ ಊರಾಚೆ ಹನ್ನೊಂದು ಹಸು ಕಟ್ಟಿ ಹಾಲಿನ ವ್ಯವಹಾರ ನಡೆಸುತ್ತಿದ್ದರು.

“ಪುಟ್ಟೀ, ಹಸುಗಳು ಬಾಯಿಂದ ಜೊಲ್ಲು ಸುರಿಸ್ಕೊಂಡು ನಿಂತಿದಾವೆ ಕಣೇ. ಹುಲ್ಲು ಮುಟ್ತಿಲ್ಲ. ಎರಡು ಕುಂಟ್ತಿದಾವೆ.”

“ಡಾಕ್ಟ್ರನ್ನ ಕರೀಬೇಕು ಅಕ್ಕ, ನನಗ್ಯಾಕೆ ಫೋನ್ ಮಾಡ್ತೀಯ?”

“ಡಾಕ್ಟ್ರು ಬಂದು ನೋಡಿದ್ರು. ‘ಬಾಯಿಹುಣ್ಣು’ ಅಂತ ಬರ್ಕೊಂಡ್ರು. ಕಾಲಲ್ಲೂ ಹುಣ್ಣಿದೆಯಲ್ಲಪ್ಪಾ ಅಂದ್ರೆ, ಅದು ‘ಕಾಲುಹುಣ್ಣು’ ಅಂತ ಇನ್ನೊಂದು ಚೀಟೀಲಿ ಬರ್ಕೊಂಡ್ರು. ಎರಡೂ ಸೇರಿಸಿ ಹೇಳೋಕೆ ಅವರಿಗೆ ಯಾಕೋ ಬಾಯೇ ಬರ್ತಿಲ್ಲ. ದೇಶದ ದನದ ಕಾಯಿಲೆಗೆಲ್ಲ ಲೆಕ್ಕ ಇಡೋಳು ನೀನು. ನಿನಗಲ್ದೆ ಇನ್ಯಾರಿಗೆ ಹೇಳ್ಲಿ?”

ಲೆಕ್ಕದಮ್ಮನಿಗೆ ಮೊದಲು ನೆನಪಾದದ್ದು ಹಸುಗಳಲ್ಲ, ಇಪ್ಪತ್ಮೂರನೆಯ ತಿಂಗಳ ಸೊನ್ನೆ. ಅದಕ್ಕೆ ಆಮೇಲೆ ಅವಳಿಗೇ ನಾಚಿಕೆಯಾಯಿತು. ಅರ್ಧ ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದಳು.

ಕೊಟ್ಟಿಗೆಯಲ್ಲಿ ಎಂದಿನ ಮೆಲುಕಿನ ಸದ್ದಿರಲಿಲ್ಲ. ಹಸುಗಳು ತುಟಿಯನ್ನು ಚಪ್ ಚಪ್ ಎನ್ನಿಸುತ್ತ, ಹಗ್ಗದ ಹಾಗೆ ಇಳಿಬಿದ್ದ ಜೊಲ್ಲಿನೊಡನೆ ತಲೆ ತಗ್ಗಿಸಿ ನಿಂತಿದ್ದವು. ನೋವಿಗೆ ಒಂದೊಂದು ಕಾಲನ್ನೇ ಎತ್ತಿ ಎತ್ತಿ ಇಡುತ್ತಿದ್ದವು. ಭಾವ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಂದರ ಬಾಯಿ ತೊಳೆಯುತ್ತಿದ್ದರು. ನಾಲಿಗೆಯ ಮೇಲಿನ ಚರ್ಮ ಸುಲಿದು ಹಸಿಮಾಂಸ ಕಾಣುತ್ತಿತ್ತು. ಒಂಬತ್ತು ವರ್ಷದಿಂದ ಈ ರೋಗವನ್ನು ಅವಳು ‘ಸಂಕೇತ ಸಂಖ್ಯೆ ಏಳು’ ಎಂದು ಬಲ್ಲಳು. ಏಳಕ್ಕೆ ಇಷ್ಟು ಕೆಟ್ಟ ವಾಸನೆ ಇರುತ್ತದೆಂದು ಯಾವ ಕಲಮಿನಲ್ಲೂ ಇರಲಿಲ್ಲ.

ಆ ಹೊತ್ತಿಗೆ ಪಶುವೈದ್ಯರು ಮತ್ತೆ ಬಂದರು. ನಲವತ್ತರ ಆಸುಪಾಸಿನ, ಸದಾ ನಿದ್ದೆಗೆಟ್ಟಂತೆ ಕಾಣುವ ಮನುಷ್ಯ. ಇವಳು ಯಾರೆಂದು ಅಕ್ಕ ಹೇಳಿದೊಡನೆ ಅವರ ಮುಖದ ಬಣ್ಣ ಬದಲಾಯಿತು.

“ಮೇಡಂ, ಬಾಯಿಹುಣ್ಣೇ ಇದು. ಸಾಮಾನ್ಯ...”

“ಡಾಕ್ಟ್ರೇ, ನಾನು ಇವತ್ತು ರಜೆ ಮೇಲಿದೀನಿ. ನಿಜ ಹೇಳಿ.”

ಅವರು ಕೈಗವಸು ಕಳಚಿದರು. “ಕಾಲುಬಾಯಿನೇ ಮೇಡಂ. ಕುರುಡ ಮುಟ್ಟಿದ್ರೂ ಹೇಳ್ತಾನೆ. ಎರಡು ವರ್ಷದ ಹಿಂದೆ ಒಂದ್ಸಲ ಹಾಗೇ ಬರೆದು ಕಳಿಸಿದ್ದೆ. ಹದಿನಾಲ್ಕು ಸಲ ವಿವರಣೆ ಕೇಳಿದ್ರು. ಹದಿನೈದನೇ ಸಲ, ನಿಮ್ಮ ಜಿಲ್ಲೇಲಿ ಮಾತ್ರ ಯಾಕೆ ರೋಗ, ನಿಮ್ಮ ಕೆಲಸ ಸರಿ ಇಲ್ವಾ ಅಂತ ಕೇಳಿದ್ರು. ಆಮೇಲೆ ನಾವೆಲ್ಲ ಬುದ್ಧಿ ಕಲಿತ್ವಿ. ‘ಇತರೆ’ ಅಂತೊಂದು ಕಲಂ ಇದೆಯಲ್ಲ, ಅಲ್ಲಿ ಹಾಕ್ತೀವಿ. ಅದಕ್ಕೆ ಯಾರೂ ಫೋನ್ ಮಾಡಲ್ಲ.”

‘ಇತರೆ’. ಆ ಕಲಂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳಿಂದ ತಿಂಗಳಿಗೆ ಅದು ಊದುತ್ತಲೇ ಇತ್ತು. ಕಳೆದ ತಿಂಗಳು ಹನ್ನೆರಡು ಸಾವಿರ ದಾಟಿತ್ತು. ಒಮ್ಮೆ ಅದನ್ನು ನಿರ್ದೇಶಕರ ಗಮನಕ್ಕೆ ತಂದಿದ್ದಳು ಕೂಡ. ಕಾಗದ ಉಳಿಯುತ್ತದೆ, ಆ ಕಲಂ ಮುದ್ರಿಸಬೇಡಿ ಎಂದಿದ್ದರು. ಅವಳು ಮುದ್ರಿಸಲಿಲ್ಲ. ಸುಳ್ಳು ಹೇಳಿದ್ದಳೇ? ಇಲ್ಲವಲ್ಲ. ಬಂದದ್ದನ್ನು ಕೂಡಿದ್ದಳು, ಅಷ್ಟೇ. ಅಷ್ಟು ದಿನ ಸಮಾಧಾನ ಕೊಟ್ಟಿದ್ದ ಈ ಮಾತು ಅವತ್ತು ಕೊಟ್ಟಿಗೆಯಲ್ಲಿ ನಿಂತಾಗ ಸಾಲದಾಯಿತು.

“ಮಾದರಿ ತೆಗೀರಿ. ಪ್ರಯೋಗಾಲಯಕ್ಕೆ ಕಳಿಸೋಣ. ವರದಿ ನಾನೇ ದಾಖಲಿಸ್ತೀನಿ,” ಎಂದಳು.

“ತೆಗೀಬಹುದು. ಐಸ್ ಪೆಟ್ಟಿಗೆ ಇಲ್ಲ.”

“ಜಿಲ್ಲೆಗೊಂದು ಕೊಟ್ಟಿದೀವಲ್ಲ!”

“ಕೊಟ್ಟಿದೀರಿ. ಪರಿಶೀಲಕರಿಗೆ ತೋರ್ಸೋಕೆ ಅಂತ ಜಿಲ್ಲಾ ಕಚೇರೀಲಿ ಗಾಜಿನ ಬೀರುವಿನಲ್ಲಿ ಇಟ್ಟಿದಾರೆ. ಉಪಯೋಗಿಸಿದ್ರೆ ಕೊಳೆ ಆಗತ್ತಂತೆ.”

ಕೊನೆಗೆ ಅಕ್ಕನ ಮನೆಯ ಫ್ರಿಜ್ಜಿನ ಮಂಜುಗಡ್ಡೆಯನ್ನು ಭಾವನ ಥರ್ಮಾಸಿಗೆ ತುಂಬಿದರು. ಅದರೊಳಗೆ ಮಾದರಿಯ ಸೀಸೆ ಭದ್ರವಾಗಿ ಕೂತಿತು. ವೈದ್ಯರು ಅದನ್ನು ತಮ್ಮ ಸ್ಕೂಟರಿನಲ್ಲೇ ಒಯ್ದರು. ಹೊರಡುವ ಮುಂಚೆ ಲೆಕ್ಕದಮ್ಮನ ಚಪ್ಪಲಿಯನ್ನೂ ಕಾಲನ್ನೂ ಬಟ್ಟೆ ಸೋಡಾದ ನೀರಿನಲ್ಲಿ ತೊಳೆಸಿದರು. “ನಿಮ್ಮ ಜೊತೆ ಇದು ಬಸ್ ಹತ್ಬಾರ್ದು ಮೇಡಂ,” ಎಂದರು.

ಮರುದಿನ ಅವಳು ಕಾಲುಬಾಯಿ ರೋಗದ ಕಲಮಿನಲ್ಲಿ ‘ಶಂಕಿತ: ಹನ್ನೊಂದು’ ಎಂದು ಒತ್ತಿದಳು. ಪರದೆ ಕೆಂಪಾಯಿತು. ಹದಿನೇಳು ಕಲಮನ್ನೂ ಒಂದೂ ಬಿಡದೆ ತುಂಬಿದಳು. ನಿರ್ದೇಶಕರ ಕೋಣೆಗೆ ಕರೆ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲ.

“ಇದೇನಮ್ಮಾ ಇದು? ಬೆರಳು ಜಾರಿತಾ?”

“ಇಲ್ಲ ಸರ್. ನೋಡ್ಕೊಂಡು ಬಂದೇ ಹಾಕಿದೀನಿ.”

“ನೋಡ್ಕೊಂಡು ಬಂದ್ರಾ!” ಅವರು ಕುರ್ಚಿಯಿಂದ ಅರ್ಧ ಎದ್ದರು. “ಅಂಕಿ-ಅಂಶದವರು ನೋಡೋಕೆ ಹೋಗೋದಾ? ಮೊದಲು ಅದನ್ನ ಅಳಿಸಿ.”

“ಅಳಿಸೋ ಗುಂಡಿ ಇಲ್ಲ ಸರ್. ನಮ್ಮ ಮಾಹಿತಿ ತಿದ್ದೋಕಾಗದಷ್ಟು ಪರಿಶುದ್ಧ ಅಂತ ಮಂತ್ರಿಗಳಿಗೆ ಹೇಳೋಕೆ ನೀವೇ ತೆಗೆಸಿದ್ರಿ.”

ನಿರ್ದೇಶಕರು ಒಂದು ಗಳಿಗೆ ಗೋಡೆಯ ಹಸಿರನ್ನು ನೋಡಿದರು. ಅದರಲ್ಲಿ ಆಗಲೇ ಒಂದು ಕಡೆ ಕೆಂಪು ಚುಕ್ಕೆ ಬಿದ್ದಂತೆ ಅವರ ಹುಬ್ಬು ಗಂಟಿಕ್ಕಿತು. “ಹಾಗಾದ್ರೆ ‘ಇತರೆ’ಗೆ ಸಾಗಿಸಿ.”

“ಆಗಲ್ಲ ಸರ್. ಅದು ನಮ್ಮಕ್ಕನ ಕೊಟ್ಟಿಗೆ. ಕಣ್ಣಾರೆ ನೋಡಿದೀನಿ.”

“ಅಕ್ಕನ ಕೊಟ್ಟಿಗೆ!” ನಿರ್ದೇಶಕರ ಮುಖ ಅರಳಿತು. “ಇದು ಸ್ವಹಿತಾಸಕ್ತಿ! ಸಂಬಂಧಿಕರ ದನದ ಕಾಯಿಲೆಯನ್ನ ಸರ್ಕಾರಿ ದಾಖಲೆಗೆ ತುರುಕೋದು! ತನಿಖೆ ಆಗ್ಬೇಕು.”

ತನಿಖೆ ಹಸುಗಳಿಗಲ್ಲ, ಅವಳಿಗೆ. ಅವತ್ತೇ ಮಧ್ಯಾಹ್ನ ಅವಳನ್ನು ನೆಲಮಾಳಿಗೆಯ ಹಳೆ ಕಡತದ ಕೋಣೆಗೆ ಹಾಕಿದರು. ಪರಿಶೀಲಕರು ಬರುವಷ್ಟರಲ್ಲಿ ಅಲ್ಲಿನ ಧೂಳು ಹೊಡೆಸುವುದು ಅವಳ ಹೊಸ ಹೊಣೆ. ವರದಿಯ ಎದುರಿಗೆ ‘ಪರಿಶೀಲನೆಯಲ್ಲಿದೆ’ ಎಂದು ಬಂತು. ಪ್ರಯೋಗಾಲಯಕ್ಕೆ ಫೋನು ಮಾಡಿದರೆ, ಪರೀಕ್ಷೆ ಮುಗಿದಿದೆ, ಆದರೆ ಮಾದರಿ ಖಾಸಗಿ ಥರ್ಮಾಸಿನಲ್ಲಿ ಬಂದಿರುವ ಕಾರಣ ಫಲಿತಾಂಶ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದರು.

ರೋಗಕ್ಕೆ ಅಂಥ ನಿಯಮವೇನೂ ಇರಲಿಲ್ಲ. ಅಧಿಕೃತವಾಗಿ ಅದು ಇರಲೇ ಇಲ್ಲವಾದ್ದರಿಂದ ದನಗಳ ಓಡಾಟ ನಿಲ್ಲಿಸಿ ಎಂದು ಯಾರೂ ಆದೇಶ ಕೊಡುವಂತಿರಲಿಲ್ಲ. ಹಾಲಿನ ವ್ಯಾನು ಎಂದಿನಂತೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಯಿತು. ಆ ರಸ್ತೆಯ ಇನ್ನೂ ಆರು ಮನೆಗಳಲ್ಲಿ ದನಗಳು ಕುಂಟತೊಡಗಿದವು. ಒಂಬತ್ತನೆಯ ದಿನ ಅಕ್ಕ ಫೋನು ಮಾಡಿದಳು. ದನಿ ಒಣಗಿತ್ತು.

“ಎಳೆಗರು ಹೋಯ್ತು ಕಣೇ. ಹಾಲು ಕುಡೀತಾ ಕುಡೀತಾನೇ ಕುಸಿದು ಬಿತ್ತು. ನಿಮ್ಮ ಭಾವ ಬೆಳಿಗ್ಗೆಯಿಂದ ಮಾತಾಡ್ತಿಲ್ಲ.”

“ಅಕ್ಕ, ನಾನು ವರದಿ...”

“ವರದಿ ಹಾಕ್ದೆ. ಗೊತ್ತು. ಎರಡು ವರ್ಷ ಸೊನ್ನೆ ಹಾಕ್ಕೊಂಡು ಕೂತಿದ್ಯಲ್ಲ, ಆವಾಗ ಸತ್ತವು ಯಾರ ಮನೆ ಕರುಗಳೇ?”

ಫೋನು ಕಡಿದುಹೋಯಿತು. ಲೆಕ್ಕದಮ್ಮ ಕಡತಗಳ ನಡುವೆ ತಲೆ ಮೇಲೆ ಕೈಹೊತ್ತು ಕೂತಳು. ಅಳು ಬರಲಿಲ್ಲ. ಹನ್ನೆರಡು ಸಾವಿರ ಎಂಬ ಸಂಖ್ಯೆಗೆ ಮೊದಲ ಬಾರಿ ಕಾಲು, ಬಾಯಿ, ಕಣ್ಣು ಮೂಡಿದವು.

ಪರಿಶೀಲಕರು ಬಂದರು. ಮುಖ್ಯಸ್ಥೆ ನೆರೆಗೂದಲ, ದಪ್ಪ ಬೂಟಿನ ಹೆಂಗಸು; ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದರು. ನಿರ್ದೇಶಕರು ಕೋಲು ಹಿಡಿದು ಭೂಪಟವನ್ನು ತೋರಿಸಿದರು. ಎಲ್ಲಿ ತೋರಿಸಿದರೂ ಹಸಿರೇ ಆದ್ದರಿಂದ ಕೋಲಿಗೆ ಹೆಚ್ಚಿನ ಕೆಲಸವಿರಲಿಲ್ಲ.

“ಇಪ್ಪತ್ತೆರಡು ತಿಂಗಳುಗಳಲ್ಲಿ ಒಂದು ಸಂಶಯವಾದರೂ ಉಂಟಾಗಲಿಲ್ಲವೇ?” ಎಂದು ಆಕೆ ಕೇಳಿದರು.

“ಸಂಶಯಕ್ಕೆ ಆಸ್ಪದವೇ ಇಲ್ಲ,” ಎಂದರು ನಿರ್ದೇಶಕರು ಎದೆಯುಬ್ಬಿಸಿ.

ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮ ದೇಶದಲ್ಲಿ ಈ ರೋಗ ಇಲ್ಲವಾಗಿ ನಲವತ್ತು ವರ್ಷವಾಯಿತು. ಆದರೂ ವರ್ಷಕ್ಕೆ ನೂರಾರು ಸಂಶಯಗಳು ಬರುತ್ತವೆ. ಹಸು ಮುಳ್ಳು ತಿಂದು ಜೊಲ್ಲು ಸುರಿಸುತ್ತದೆ, ಕಲ್ಲು ತುಳಿದು ಕುಂಟುತ್ತದೆ. ವೈದ್ಯರು ಹೆದರಿ ತಿಳಿಸುತ್ತಾರೆ, ನಾವು ಪರೀಕ್ಷಿಸಿ ‘ಇಲ್ಲ’ ಎನ್ನುತ್ತೇವೆ. ಯಾರಿಗೂ ಸಂಶಯವೇ ಬಾರದ ದೇಶದಲ್ಲಿ ಯಾರೂ ನೋಡುತ್ತಿಲ್ಲ ಎಂದರ್ಥ.”

ನಿರ್ದೇಶಕರ ಮೇಜಿನ ಮೇಲೆ ಕಂಪ್ಯೂಟರ್ ತೆರೆದೇ ಇತ್ತು. ಆಕೆ ಪರದೆಯ ಪಟ್ಟಿಯನ್ನು ಕೆಳಕ್ಕೆ ಸರಿಸುತ್ತ ಹೋದರು. ಕೊನೆಗೆ ಬೆರಳು ಒಂದು ಕಡೆ ನಿಂತಿತು. “ಇಲ್ಲಿ ಒಂದು ಇದೆ! ಹನ್ನೊಂದು ಹಸುಗಳು. ವಿವರ ಬಹಳ ಅಚ್ಚುಕಟ್ಟಾಗಿದೆ. ಇದನ್ನು ದಾಖಲಿಸಿದವರು ಯಾರು?”

ನಿರ್ದೇಶಕರ ಹಣೆಯಲ್ಲಿ ಬೆವರು ಮೂಡಿತು. ಮರುಕ್ಷಣವೇ ಅದು ನಗೆಯಾಗಿ ಮಾರ್ಪಟ್ಟಿತು. “ಅದು ನಮ್ಮ ಇಲಾಖೆಯ ಜಾಗರೂಕತೆ ಮೇಡಂ! ನಾನೇ ಮುತುವರ್ಜಿ ವಹಿಸಿ...”

“ಅವರನ್ನು ಕರೆಯಿರಿ.”

ಕೂದಲಲ್ಲಿ ಧೂಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಲೆಕ್ಕದಮ್ಮ ನೆಲಮಾಳಿಗೆಯಿಂದ ಮೇಲೆ ಬಂದಳು. ಥರ್ಮಾಸಿನ ಕಥೆ ಹೇಳಿದಳು. ನಿರ್ದೇಶಕರು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದರು. ಅವಳು ಆ ಕಡೆ ನೋಡಲಿಲ್ಲ. “ಇನ್ನೂ ಒಂದು ಕಲಂ ಇದೆ ಮೇಡಂ. ಎರಡು ವರ್ಷದಿಂದ ನಾನೇ ಅದನ್ನ ಮುದ್ರಿಸಿಲ್ಲ. ತಪ್ಪು ನಂದೂ ಇದೆ,” ಎಂದಳು.

‘ಇತರೆ’ಯನ್ನು ಮುದ್ರಿಸಲು ಅರ್ಧ ಗಂಟೆ ಹಿಡಿಯಿತು. ಎರಡು ಸಲ ಕಾಗದ ಮುಗಿಯಿತು.

ಪ್ರಮಾಣಪತ್ರ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಪ್ರಯೋಗಾಲಯದವರು ಒಂದೇ ಫೋನಿಗೆ ಫಲಿತಾಂಶ ಕೊಟ್ಟರು: ಕಾಲುಬಾಯಿ ರೋಗವೇ. ಮೂರು ವಾರದ ಮೇಲೆ ಅಕ್ಕನ ರಸ್ತೆಗೆ ಲಸಿಕೆಯ ಗಾಡಿ ಬಂತು, ದನಗಳ ಸಾಗಾಟ ನಿಂತಿತು. ಲೆಕ್ಕದಮ್ಮನ ಮೇಲಿನ ತನಿಖೆಯನ್ನು ಸದ್ದಿಲ್ಲದೆ ಮುಚ್ಚಿ ಅವಳನ್ನು ಮೂರನೇ ಮಹಡಿಗೆ ಕರೆಸಿಕೊಂಡರು.

ನಿರ್ದೇಶಕರಿಗೆ ಏನಾಯಿತು? ಅವರು ಪಾಠ ಕಲಿತರು. ಸಂಶಯವೇ ಇಲ್ಲದ್ದು ಇಲಾಖೆಯ ಕೊರತೆ ಎಂದು ಮನಗಂಡು ಎಲ್ಲ ಜಿಲ್ಲೆಗಳಿಗೆ ಸುತ್ತೋಲೆ ಹೊರಡಿಸಿದರು: ಪ್ರತಿ ಜಿಲ್ಲೆಯೂ ತಿಂಗಳಿಗೆ ಕಡ್ಡಾಯವಾಗಿ ನಾಲ್ಕು ಸಂಶಯ ಕಳಿಸತಕ್ಕದ್ದು. ಮುಂದಿನ ತಿಂಗಳು ಮೂವತ್ತು ಜಿಲ್ಲೆಗಳಿಂದ ಸರಿಯಾಗಿ ನಾಲ್ಕು ನಾಲ್ಕು ಸಂಶಯಗಳು ಬಂದವು. ಅವುಗಳಲ್ಲಿ ಒಂದು ಮಾದರಿ ಈ ರೋಗವೇ ಬಾರದ ಕುದುರೆಯದು. ಇನ್ನೊಂದು ಮನುಷ್ಯರ ಉಗುಳು ಎಂದು ಪ್ರಯೋಗಾಲಯದವರು ಗುಟ್ಟಾಗಿ ತಿಳಿಸಿದರು. ಈ ಸಾಧನೆಗಾಗಿ ನಿರ್ದೇಶಕರನ್ನು ಮಾಹಿತಿ ಸುಧಾರಣಾ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು.

ಉಳಿದ ಒಂದು ಜಿಲ್ಲೆ ಅಕ್ಕನದು. ಅಲ್ಲಿಯ ಪಶುವೈದ್ಯರು ಫೋನು ಮಾಡಿದ್ದರು. “ಮೇಡಂ, ನನ್ನ ಹತ್ರ ಇಪ್ಪತ್ತಾರಿದೆ. ನಾಲ್ಕು ಹಾಕ್ಲಾ, ಇಪ್ಪತ್ತಾರು ಹಾಕ್ಲಾ?”

“ಇಪ್ಪತ್ತಾರೇ ಹಾಕಿ ಡಾಕ್ಟ್ರೇ. ಬಯ್ಯೋರು ಬಂದ್ರೆ ನನ್ನ ಹೆಸರು ಹೇಳಿ.”

ಅಕ್ಕ ಒಂದೂವರೆ ತಿಂಗಳು ಮಾತಾಡಲಿಲ್ಲ. ಒಂದು ಶನಿವಾರ ತಾನಾಗಿಯೇ ಫೋನು ಮಾಡಿ, ಮುನ್ನುಡಿಯಿಲ್ಲದೆ, “ನಾಳೆ ಕೊಟ್ಟಿಗೆಗೆ ಸುಣ್ಣ ಹೊಡೀಬೇಕು. ಆಳು ಸಿಕ್ತಿಲ್ಲ,” ಎಂದಳು.

“ಬರ್ತೀನಿ ಅಕ್ಕ.”

“ಹಳೇ ಸೀರೆ ಉಟ್ಕೊಂಡು ಬಾ. ಆಫೀಸಿನ ಠೀವಿ ಎಲ್ಲ ಇಲ್ಲಿ ನಡಿಯಲ್ಲ.”

ಭಾನುವಾರ ಬೆಳಿಗ್ಗೆ ಭಾವ ಅವಳ ಕೈಗೆ ಸುಣ್ಣದ ಬಕೆಟ್ಟನ್ನೂ ಕುಂಚವನ್ನೂ ಕೊಟ್ಟು, ಮೂಲೆಯ ಗೋಡೆಯ ಕಡೆ ಬೆರಳು ತೋರಿಸಿದರು. ಅವಳು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕಿಳಿದಳು.